ಸ್ಟೆಂಟ್ ಹಾಕಿಸಿದ ಮೇಲೆ ವಿಡಿಯೊ ಕಾಲ್ ಚೆಕಪ್: ಮನೇಲಿ ಏನೇನು ರೆಡಿ ಇಟ್ಕೋಬೇಕು?

ಮಳವಳ್ಳಿ_ಹುಡುಗ:
ಅಪ್ಪನಿಗೆ 61. ಹಾರ್ಟ್ ಅಟ್ಯಾಕ್ ಆಗಿ ಮೈಸೂರಲ್ಲಿ ಸ್ಟೆಂಟ್ ಹಾಕಿ ಮೂರು ವಾರ ಆಯ್ತು. ಮುಂದಿನ ಚೆಕಪ್ ವಿಡಿಯೊ ಕಾಲಲ್ಲೇ ಅಂತೆ. ಬಿಪಿ ಮೆಷಿನ್ ಒಂದ್ಸಲ 150 ತೋರಿಸುತ್ತೆ, ಐದು ನಿಮಿಷಕ್ಕೆ 128. ಡಾಕ್ಟರಿಗೆ ಯಾವುದು ಹೇಳೋದು?

ವಾರ್ಡ್_ಸಿಸ್ಟರ್:
ಎರಡೂ ಹೇಳಿ, ಚೆನ್ನಾಗಿರೋದನ್ನ ಆರಿಸ್ಕೋಬೇಡಿ. ಆದ್ರೆ ಅಳೆಯೋ ರೀತಿ ಮೊದಲು ನೋಡಿ. ಗದ್ದೆಯಿಂದ ಬಂದವರನ್ನ ಹಾಗೇ ಜಗಲಿ ಮೇಲೆ ಕೂರಿಸಿ ಪಟ್ಟಿ ಸುತ್ತಿದ್ರೆ 150 ಬರದೆ ಇನ್ನೇನು? ಕಾಫಿ ಕುಡಿದು ಅರ್ಧ ಗಂಟೆ ಆಗಿರ್ಬೇಕು, ಮೂತ್ರಕ್ಕೆ ಹೋಗಿ ಬಂದಿರ್ಬೇಕು. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಲಿ. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಕೈ ಎದೆ ಮಟ್ಟದಲ್ಲಿ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದ್ರೂ ಇಲ್ಲದ ಬಿಪಿ ತೋರಿಸುತ್ತೆ. ಕಾಲ್‌ಗೆ ಮುಂಚಿನ ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತೆ ಸಂಜೆ, ನಾಡಿ ಸಮೇತ ಬರೆದಿಡಿ.

ತೂಕಾನೂ ಅಷ್ಟೇ ಮುಖ್ಯ, ಇದನ್ನ ಯಾರೂ ನೋಡಲ್ಲ. ಬೆಳಿಗ್ಗೆ ತಿಂಡಿಗೆ ಮೊದಲು, ದಿನಾ ಒಂದೇ ತಕ್ಕಡಿ. ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಅದು ಮುದ್ದೆ ತಿಂದಿದ್ದಲ್ಲ, ಮೈಯಲ್ಲಿ ನೀರು ನಿಲ್ತಿದೆ. ಕಾಲ್ಗಂಟಿನ ಮೇಲೆ, ಮುಂಗಾಲ ಮೂಳೆಗೆ ಹೆಬ್ಬೆರಳು ಹತ್ತು ಸೆಕೆಂಡ್ ಒತ್ತಿ ಬಿಡಿ. ಗುಳಿ ಉಳಿದ್ರೆ, ಇಲ್ಲಾ ರಾತ್ರಿ ಉಸಿರಿಗೆ ಎರಡು ದಿಂಬು ಬೇಕಾದ್ರೆ, ವಿಡಿಯೊ ದಿನಕ್ಕೆ ಕಾಯದೆ ಅವತ್ತೇ ಫೋನ್ ಮಾಡಿ.

ಮಾತ್ರೆ_ಅಂಗಡಿ:
ಮಾತ್ರೆ ಹೆಸರು ಓದಿ ಹೇಳೋಕೆ ಹೋಗ್ಬೇಡಿ. ಎಲ್ಲಾ ಸ್ಟ್ರಿಪ್ಪೂ ಮೇಜಿನ ಮೇಲೆ ಹರಡಿ ಕ್ಯಾಮೆರಾಗೆ ತೋರಿಸಿ, ಎಷ್ಟು ತಪ್ಪಿಸಿದ್ದಾರೆ ಅಂತ ಅದೇ ಹೇಳುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಟಿಕಾಗ್ರೆಲರ್ ದಿನಕ್ಕೆರಡು ಸಲ. ರಾತ್ರಿದು ಮರೆಯೋರೇ ಜಾಸ್ತಿ. ಆಸ್ಪಿರಿನ್ ಜೊತೆ ಅದನ್ನೋ ಕ್ಲೋಪಿಡೋಗ್ರೆಲನ್ನೋ ಸಾಮಾನ್ಯವಾಗಿ ಒಂದು ವರ್ಷ ಕೊಡ್ತಾರೆ. ಹಲ್ಲು ಕೀಳಿಸೋಕೆ ಅಂತ ಹೃದಯದ ಡಾಕ್ಟರನ್ನ ಕೇಳದೆ ನಿಲ್ಲಿಸಿದ್ರೆ ಸ್ಟೆಂಟಲ್ಲೇ ರಕ್ತ ಹೆಪ್ಪುಗಟ್ಟಬಹುದು.

ಗ್ಯಾಸ್ ಮಾತ್ರೇನೂ ತೋರಿಸಿ, ಒಮೆಪ್ರಜೋಲ್ ಕ್ಲೋಪಿಡೋಗ್ರೆಲ್ ಶಕ್ತಿ ತಗ್ಗಿಸುತ್ತೆ. ಮಂಡಿನೋವಿಗೆ ನೀವೇ ಡೈಕ್ಲೋಫೆನಾಕ್ ತಗೊಂಡು ನುಂಗಿಸ್ಬೇಡಿ. ಒಣಕೆಮ್ಮು ಬಿಡದಿದ್ರೆ ಕೆಮ್ಮಿನ ಸಿರಪ್ ಕೇಳೋ ಬದಲು ಡಾಕ್ಟರಿಗೆ ಹೇಳಿ, ಬಿಪಿಗೆ, ಹೃದಯಕ್ಕೆ ಕೊಡೋ ರಾಮಿಪ್ರಿಲ್ ಮಾತ್ರೆ ಇದ್ರೆ ಅದರದ್ದೇ ಇರಬಹುದು.

ಮಳವಳ್ಳಿ_ಹುಡುಗ:
ಥ್ಯಾಂಕ್ಸ್ ಅಕ್ಕ, ಅಣ್ಣ. ಎದೆನೋವು ಬಂದ್ರೆ ವಾಚಿನ ಇಸಿಜಿ ಡಾಕ್ಟರಿಗೆ ಕಳಿಸಿದ್ರೆ ನಡೆಯುತ್ತಾ?

ವಾರ್ಡ್_ಸಿಸ್ಟರ್:
ಖಂಡಿತ ಬೇಡ. ವಾಚು ಒಂದೇ ಲೀಡ್ ತೆಗೆಯೋದು, ಅಂದ್ರೆ ಹೃದಯವನ್ನ ಒಂದೇ ಕೋನದಿಂದ ನೋಡೋದು, ಹಾರ್ಟ್ ಅಟ್ಯಾಕ್ ನೋಡೋಕೆ 12 ಲೀಡ್ ಬೇಕು. ವಾಚು ‘ನಾರ್ಮಲ್’ ಅಂದ್ರೂ ನಂಬಬೇಡಿ. ಮೊದಲು ಕೂರಿಸಿ. ಡಾಕ್ಟರ್ ಬರೆದುಕೊಟ್ಟಿದ್ರೆ ಎದೆನೋವಿನ ಸಾರ್ಬಿಟ್ರೇಟ್ 5 ಮಾತ್ರೆ ನಾಲಿಗೆ ಕೆಳಗೆ. ನಿಂತು ಇಟ್ಕೊಂಡ್ರೆ ಬಿಪಿ ಇಳಿದು ತಲೆ ಸುತ್ತಿ ಬೀಳ್ತಾರೆ. ಐದು ನಿಮಿಷಕ್ಕೆ ನೋವು ಹೋಗದಿದ್ರೆ 108. ಬೈಕಲ್ಲಿ ಹಿಂದೆ ಕೂರಿಸ್ಕೊಂಡು ಮಾತ್ರ ಹೊರಡಬೇಡಿ.