ಪೇಪರ್ ಮ್ಯಾಶೆ ತಲೆಬುರುಡೆ: ಹಣೆಯಲ್ಲಿ ಬಿರುಕು, ಒಳಗೆ ಬೂಷ್ಟು

ಕಾಗದಗೊಂಬೆ, ಜಯನಗರ

ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಚಿತ್ರಸಂತೆಗೆ ಆರು ತಲೆಬುರುಡೆಗಳ ಸರಣಿ ಮಾಡುತ್ತಿದ್ದೇನೆ. ನಿಜ ಅಳತೆ, ಒಂದೊಂದಕ್ಕೂ ಒಂದೊಂದು ತಲೆಯುಡುಗೆ: ಮೈಸೂರು ಪೇಟ, ಮಲ್ಲಿಗೆ ದಂಡೆ, ಬಾಸಿಂಗ, ಮಗುವಿನ ಕುಲಾವಿ, ಹೀಗೆ. ಬಲೂನಿನ ಮೇಲೆ ಮೈದಾ ಅಂಟಿನಲ್ಲಿ ನ್ಯೂಸ್‌ಪೇಪರಿನ ಆರು ಪದರ, ಅದರ ಮೇಲೆ 1 ಸೆಂ.ಮೀ. ದಪ್ಪಕ್ಕೆ ಕಾಗದದ ತಿರುಳು. ಮೂರು ದಿನ ಮಹಡಿ ಬಿಸಿಲಲ್ಲಿ ಇಟ್ಟ ಮೇಲೆ ಹಣೆಯಿಂದ ನೆತ್ತಿವರೆಗೆ ಬಿರುಕು. ಬಲೂನು ಒಡೆದರೆ ಒಳಗೆಲ್ಲ ಕಪ್ಪು ಬೂಷ್ಟು. ಇನ್ನೊಂದು: ಮುಂದಿನಿಂದ ನೋಡಿದರೆ ಬುರುಡೆ ಅನಿಸುವುದಿಲ್ಲ, ಮುಖವಾಡದ ಹಾಗಿದೆ. ಎಲ್ಲಿ ತಪ್ಪಿದೆ? ನೋಡಿಕೊಂಡು ಮಾಡಲು ನಿಜವಾದ ಬುರುಡೆ ಸಿಗುತ್ತದೆಯೇ?

ತಿರುಳು_ಅಂಟು

ಬಿರುಕು, ಬೂಷ್ಟು ಎರಡಕ್ಕೂ ಕಾರಣ ಒಂದೇ. 1 ಸೆಂ.ಮೀ. ತಿರುಳನ್ನು ಒಂದೇ ಸಲ ಮೆತ್ತಿದರೆ ಹೊರಮೈ ಮೊದಲು ಒಣಗಿ ಚಿಪ್ಪಾಗುತ್ತದೆ. ಒಳಗಿನ ನೀರಿಗೆ ಆ ಕಡೆ ರಬ್ಬರು, ಈ ಕಡೆ ಚಿಪ್ಪು, ಹೋಗಲು ದಾರಿಯೇ ಇಲ್ಲ. ಹೊರಮೈ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ, ಆದ್ದರಿಂದ ಸೀಳುತ್ತದೆ. ಬಲೂನು ಬೇರೆ ಬಿಸಿಲಿಗೆ ಉಬ್ಬಿ ರಾತ್ರಿ ಇಳಿಯುತ್ತದೆ. ಬುರುಡೆಯಂಥ ನಿಧಾನದ ಕೆಲಸಕ್ಕೆ ಬಲೂನು ಬೇಡವೇ ಬೇಡ.

ನ್ಯೂಸ್‌ಪೇಪರ್ ಮುದುಡಿ ಉಂಡೆ ಮಾಡಿ, ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ. ಹುಬ್ಬಿನಿಂದ ಹಿಂದಲೆಗೆ ಸುಮಾರು 18 ಸೆಂ.ಮೀ., ಅಗಲ 14. ತಿರುಳು ಸೇರಿದರೆ ಬೆಳೆಯುವುದರಿಂದ ಉಂಡೆಯನ್ನು ಎಲ್ಲ ಕಡೆ 1 ಸೆಂ.ಮೀ. ಚಿಕ್ಕದಿಡಿ. ಅದಕ್ಕೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಆಮೇಲೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಕಾಗದ ಒಂದು ದಿನ ನೆನೆದು, ಅರ್ಧ ಗಂಟೆ ಕುದಿಯಲಿ. ಮಿಕ್ಸಿಗೆ ಸ್ವಲ್ಪಸ್ವಲ್ಪವೇ, ಧಾರಾಳ ನೀರಿನ ಜೊತೆ ಹಾಕಿ. ಗಟ್ಟಿ ಇದ್ದರೆ ಮೋಟಾರು ಬಿಸಿಯಾಗುತ್ತದೆ. ಬಟ್ಟೆಯಲ್ಲಿ ಹಿಂಡಿದ ತಿರುಳು 2 ಕಪ್, ಚಾಕ್ ಪೌಡರ್ 1 ಕಪ್, ಫೆವಿಕಾಲ್ ಅರ್ಧ ಕಪ್, ಲವಂಗದ ಎಣ್ಣೆ ಐದಾರು ಹನಿ. ಚಪಾತಿ ಹಿಟ್ಟಿನ ಹದ ಬರಬೇಕು: ಉಂಡೆ ಒತ್ತಿದರೆ ಅಂಚು ಸೀಳಬಾರದು. ಮೈದಾ ಬಿಟ್ಟುಬಿಡಿ, ಮಳೆಗಾಲದ ಬೆಂಗಳೂರಿನಲ್ಲಿ ಅದು ಬೂಷ್ಟಿಗೆ ಊಟ. ಬುಕ್ ಬೈಂಡಿಂಗಿನವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಆದರೆ ಅದು ವಿಷ. ಬರಿಗೈಯಲ್ಲಿ ಕಲಸುವ ತಿರುಳಿಗೆ ಸೇರಿಸಬೇಡಿ.

ಒಂದು ಸಲಕ್ಕೆ 4 ಮಿ.ಮೀ. ಮಾತ್ರ. ತಂತಿ ಜಾಲರಿಯ ಮೇಲೆ, ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಲಿ. ಮೊದಲ ಪದರ ಗಟ್ಟಿಯಾದ ಮೇಲೆ ಹುಬ್ಬಿಗಿಂತ ಎರಡು ಬೆರಳು ಮೇಲೆ ಸುತ್ತಲೂ ಕೊಯ್ದು ಟೊಪ್ಪಿಯ ಹಾಗೆ ತೆಗೆಯಿರಿ. ಶವಪರೀಕ್ಷೆಯಲ್ಲಿ ಬುರುಡೆ ತೆರೆಯುವುದೂ ಹೆಚ್ಚುಕಡಿಮೆ ಇಲ್ಲೇ. ಉಂಡೆ ಹೊರಗೆ ಬರುತ್ತದೆ, ಒಳಗೂ ಗಾಳಿ ಆಡುತ್ತದೆ. ಒಣಗಿತೋ ಇಲ್ಲವೋ ಅನ್ನಲು ಕೈ ಸಾಲದು, ತೂಕದ ಯಂತ್ರ ಬೇಕು: ಎರಡು ದಿನ ಸತತವಾಗಿ ಒಂದೇ ತೂಕ ಬಂದರೆ ಒಣಗಿದೆ. ಆಮೇಲೆ ಟೊಪ್ಪಿ ಅಂಟಿಸಿ ಎರಡನೇ ಪದರ.

ಮೂಳೆರೇಖೆ

ಮುಖವಾಡದ ಹಾಗೆ ಕಾಣಲು ಕಾರಣ ಬಹುಶಃ ಕೆನ್ನೆಮೂಳೆ. ಕಿವಿಯ ಮುಂದಿನಿಂದ ಕೆನ್ನೆವರೆಗೆ ಬೆರಳಾಡಿಸಿ, ಒಂದು ಕಮಾನು ಸಿಗುತ್ತದೆ. ಈಗ ಹಲ್ಲು ಕಚ್ಚಿ: ಕಣತಲೆಯಲ್ಲಿ ಉಬ್ಬುವ ಸ್ನಾಯು ಆ ಕಮಾನಿನ ಒಳಗಿನಿಂದ ಇಳಿದು ದವಡೆಗೆ ಸೇರುತ್ತದೆ. ಬುರುಡೆಯಲ್ಲಿ ಸ್ನಾಯು ಇಲ್ಲ, ಆದ್ದರಿಂದ ಅಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಆ ಸಂದನ್ನು ತಿರುಳಿನಿಂದ ಮುಚ್ಚಿದರೆ ಮುಖವಾಡ, ಬಿಟ್ಟರೆ ಬುರುಡೆ. ಕಮಾನಿಗೆ ಒಳಗೆ ತಂತಿ ಕೊಡಿ, ಇಲ್ಲದಿದ್ದರೆ ಮುರಿಯುತ್ತದೆ.

ಕಣ್ಣಿನ ಗುಳಿ ದುಂಡಗಿರಬಾರದು. ಮೂಲೆ ಮೊಂಡಾದ ಚೌಕ, ಹೊರಅಂಚು ಕೆಳಕ್ಕೆ ಜಾರಿರಬೇಕು; ಅಗಲ ಸುಮಾರು 4 ಸೆಂ.ಮೀ. ದವಡೆ ಸೇರಿ ಇಡೀ ಎತ್ತರದ ನಡುವಿಗೆ ಗುಳಿ ಬರುತ್ತದೆ, ಹೊಸಬರು ಯಾವಾಗಲೂ ಮೇಲಕ್ಕೆ ಏರಿಸಿಬಿಡುತ್ತಾರೆ. ಮೂಗಿನ ತೂತಿಗೆ ಅರಳಿ ಎಲೆಯನ್ನು ತುದಿ ಮೇಲಾಗಿ ಹಿಡಿದು ನೋಡಿ, ಅದೇ ಆಕಾರ. ಹಲ್ಲುಗಳ ನಡುವೆ ಕಪ್ಪು ಗೆರೆ ಎಳೆಯುವ ಬದಲು ವಸಡಿನ ಮೂಳೆಯಲ್ಲಿ ಬೇರುಗಳ ಉಬ್ಬು ತೋರಿಸಿ.

ನಿಮ್ಮ ತಲೆಯುಡುಗೆಯ ಯೋಚನೆ ತುಂಬಾ ಸರಿ. ಮೆಕ್ಸಿಕೋದ ಮುದ್ರಣ ಕಲಾವಿದ ಪೊಸಾದ ಎಂಬವನು 1910ರ ಆಸುಪಾಸಿನಲ್ಲಿ ಸತುವಿನ ತಗಡಿನಲ್ಲಿ ಕೊರೆದ ‘ಕತ್ರೀನಾ’ ಚಿತ್ರ ನೋಡಿ: ದೊಡ್ಡ ಗರಿ ಟೋಪಿ, ಕೆಳಗೆ ಬರೀ ಬುರುಡೆ. ಅಂತಸ್ತು, ಜಂಭ ಎಲ್ಲ ಟೋಪಿಯಲ್ಲೇ ಇದೆ. ಮೈತುಂಬ ಉಡುಪು ಬಂದದ್ದು ಅಲ್ಲಿನದೇ ಚಿತ್ರಕಾರ ರಿವೇರಾನ 1947ರ ಭಿತ್ತಿಚಿತ್ರದಲ್ಲಿ. ನಮ್ಮಲ್ಲೇ ಬೇಕಿದ್ದರೆ ಹಾಸನದ ಕಡೆಯ ದೊಡ್ಡಗದ್ದವಳ್ಳಿಗೆ ಹೋಗಿ. ಹೊಯ್ಸಳರ ಲಕ್ಷ್ಮೀದೇವಿ ಗುಡಿಯಲ್ಲಿ ಕಾಳಿಯ ಬಾಗಿಲಿಗೆ ಕಾವಲು ನಿಂತ ಬೇತಾಳಗಳ ಪಕ್ಕೆಲುಬು ಎಣಿಸಬಹುದು. ಮೂಳೆ ಸರಿಯಾಗಿದ್ದರೇನೇ ಪೇಟಕ್ಕೆ ತಮಾಷೆ ಬರುವುದು. ಬುರುಡೆಯನ್ನೇ ಕಾರ್ಟೂನ್ ಮಾಡಿದರೆ ಪೇಟ ಬರೀ ಅಲಂಕಾರವಾಗುತ್ತದೆ.

ಹಳೇಪೇಟೆ_ಬಣ್ಣ

ನಿಜವಾದ ಮನುಷ್ಯರ ಬುರುಡೆಯ ಸಹವಾಸ ಬೇಡ. ಅದು ಯಾರದೋ ದೇಹ, ಒಪ್ಪಿಗೆ ಇಲ್ಲದೆ ಬಂದಿರಬಹುದು; ಭಾರತ 1985ರಲ್ಲಿ ಮೂಳೆ ರಫ್ತು ನಿಲ್ಲಿಸಿದ್ದಕ್ಕೂ ಇಂಥ ವ್ಯಾಪಾರವೇ ಕಾರಣ. ಮೆಡಿಕಲ್ ವಿದ್ಯಾರ್ಥಿಗಳು ಬಳಸುವ ಪ್ಲಾಸ್ಟಿಕ್ ಮಾದರಿ ಸಾಕು, ದವಡೆ ಬಿಚ್ಚುವಂಥದ್ದೇ ಕೇಳಿ.

ಕಾಗದಗೊಂಬೆ, ಜಯನಗರ

ಕಮಾನಿನ ಸಂದು ನಾನು ಮುಚ್ಚಿಬಿಟ್ಟಿದ್ದೆ, ಈಗ ಗೊತ್ತಾಯಿತು. ಹಲ್ಲಿಗೆ ಕುಂಬಳ ಬೀಜ ಕೂರಿಸಬಹುದೇ? ಬಣ್ಣ ಹೇಗೆ?

ಹಳೇಪೇಟೆ_ಬಣ್ಣ

ಬೀಜ ಬೇಡ, ಹುಳ ಬೀಳುತ್ತದೆ. ಎಂ-ಸೀಲ್‌ನಲ್ಲಿ ಹಲ್ಲು ಮಾಡಿ. ಗಟ್ಟಿಯಾಗುವುದರೊಳಗೆ ಮುಗಿಯಬೇಕು, ಹಾಗಾಗಿ ನಾಲ್ಕು ನಾಲ್ಕೇ ಕಲಸಿಕೊಳ್ಳಿ.

ಬಣ್ಣಕ್ಕೆ ಮೊದಲು ಚಾಕ್ ಪೌಡರ್, ಫೆವಿಕಾಲ್, ನೀರು ಸೇರಿಸಿ ದೋಸೆ ಹಿಟ್ಟಿನ ಹದದಲ್ಲಿ ಎರಡು ಕೋಟ್. 180, ಆಮೇಲೆ 320 ನಂಬರಿನ ಉಪ್ಪು ಕಾಗದ. ಅಚ್ಚ ಬಿಳಿ ಹಚ್ಚಿದರೆ ಥರ್ಮಾಕೋಲ್ ಥರ ಕಾಣುತ್ತದೆ. ಬಿಳಿ ಅಕ್ರಿಲಿಕ್‌ಗೆ ಚೂರು ಯೆಲ್ಲೋ ಓಕರ್ ಬೆರೆಸಿ. ಅದು ಒಣಗಿದ ಮೇಲೆ ಬರ್ನ್ಟ್ ಅಂಬರ್ ಒಂದು ಪಾಲಿಗೆ ನೀರು ಎಂಟು ಪಾಲು, ಹಚ್ಚಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಳಿ, ಸಂದು, ಹಲ್ಲಿನ ಬುಡದಲ್ಲಿ ಮಾತ್ರ ಕಂದು ಉಳಿಯಬೇಕು. ವಾರ್ನಿಷ್ ಮ್ಯಾಟ್ ತೊಗೊಳ್ಳಿ. ಮಲ್ಲಿಗೆ ದಂಡೆಗೆ ನಿಜವಾದ ಹೂವಿಟ್ಟರೆ ಅದರ ತೇವ ನೆತ್ತಿಗೆ ಇಳಿದು ಕಲೆ ಕಟ್ಟುತ್ತದೆ, ಕ್ರೇಪ್ ಪೇಪರಿನ ಮೊಗ್ಗು ಕಟ್ಟಿ.