ಕೋಳಿಮರಿಗಳು ಗಳ ಹತ್ತುತ್ತಿಲ್ಲ, ದೊಡ್ಡವು ಬಿಡುತ್ತಿಲ್ಲ: ಏನು ಮಾಡೋಣ?

ಕೇಳಿದ್ದು (ಸಕಲೇಶಪುರ ಕಡೆಯಿಂದ):

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಗಿರಿರಾಜ ತಳಿಯ 11 ಕೋಳಿಮರಿಗಳಿವೆ. ಎರಡೂವರೆ ತಿಂಗಳಾಗಿದೆ. ಬಲ್ಬಿನ ಕಾವಿನಲ್ಲಿ ಬೆಳೆದವು, ತಾಯಿಕೋಳಿ ಇರಲಿಲ್ಲ. ಹೋದ ವಾರ ಅವನ್ನು 4 ನಾಟಿ ಹೇಂಟೆಗಳಿರುವ ಗೂಡಿಗೆ ಬಿಟ್ಟೆವು. ಸಂಜೆಯಾದರೆ ಹೇಂಟೆಗಳು ಗಳ (ರಾತ್ರಿ ಕೂರಲು ಗೂಡಿನಲ್ಲಿ ಕಟ್ಟಿದ ಅಡ್ಡಕೋಲು) ಹತ್ತಿ ಕೂರುತ್ತವೆ. ಮರಿಗಳು ಮಾತ್ರ ಬಾಗಿಲ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ. ಎರಡು ಮರಿ ಮೊಟ್ಟೆ ಇಡುವ ಬುಟ್ಟಿಯಲ್ಲೇ ಮಲಗುತ್ತವೆ. ಎತ್ತಿ ಗಳದ ಮೇಲೆ ಕೂರಿಸಿದರೆ ಧುಮುಕುತ್ತವೆ. ಹಗಲು ಕಾಳು ಹಾಕಿದರೆ ಒಂದು ಹೇಂಟೆ ಅಟ್ಟಾಡಿಸುತ್ತೆ. ತಾವಾಗೇ ಸರಿಹೋಗುತ್ತವಾ?

ತುಮಕೂರು ಕಡೆಯಿಂದ:

ಸುಮ್ನೆ ಬಿಟ್ಟುಬಿಡಿ. ನಮ್ಮಲ್ಲಿ ಯಾರೂ ಕಲಿಸಿಲ್ಲ, ಎಲ್ಲಾ ತಾವೇ ಹತ್ತಿದವು.

ತೀರ್ಥಹಳ್ಳಿ ಕಡೆಯಿಂದ:

ತುಮಕೂರಿನವರು ಹೇಳಿದ್ದು ತಾಯಿ ಜೊತೆ ಬೆಳೆದ ಮರಿಗಳಿಗೆ ಸರಿ. ಹೇಂಟೆ ಮೊದಲ ಕೆಲವು ವಾರ ನೆಲದಲ್ಲೇ ರೆಕ್ಕೆಯಡಿ ಇಟ್ಟುಕೊಂಡು ಮಲಗುತ್ತೆ. ಆಮೇಲೆ ಒಂದು ಸಂಜೆ ತಾನು ಮೇಲೆ ಹಾರಿ ಕೂತು ಕರೆಯುತ್ತೆ. ಮರಿಗಳು ಹಿಂದೆಯೇ ಹೋಗುತ್ತವೆ. ಬಲ್ಬಿನ ಮರಿಗಳಿಗೆ ಹಾಗೆ ಕರೆಯುವವರು ಯಾರಿದ್ದಾರೆ ಹೇಳಿ? ಆ ಕೆಲಸ ನೀವೇ ಮಾಡಬೇಕು ಅಕ್ಕ.

ಆದರೆ ಮೊದಲು ಒಂದು ಸಂಜೆ ಬೆಳಕು ಮಂಕಾಗುವ ಹೊತ್ತಿಗೆ ಗೂಡಿನ ಹತ್ತಿರ ಕೂತು ನೋಡಿ. ಒಂದು ಮರಿ ಕತ್ತು ಉದ್ದ ಮಾಡಿ ಗಳ ನೋಡುತ್ತೆ. ಕಾಲು ಬಗ್ಗಿಸುತ್ತೆ, ರೆಕ್ಕೆ ಅರ್ಧ ಬಿಚ್ಚುತ್ತೆ. ಅಷ್ಟರಲ್ಲಿ ಮೇಲಿನ ಹೇಂಟೆ ಕತ್ತು ತಗ್ಗಿಸಿ ಒಂದು ನೋಟ ನೋಡುತ್ತೆ. ಮರಿ ವಾಪಸ್ ಮೂಲೆಗೆ. ಹೀಗೆ ಕಂಡರೆ ನಿಮ್ಮ ಮರಿಗಳಿಗೆ ಹತ್ತಲು ಬರುವುದಿಲ್ಲ ಅಂತಲ್ಲ, ಹತ್ತಲು ಹೆದರುತ್ತಿವೆ ಅಂತ ಅರ್ಥ. ಹೋದ ವಾರ ತಾನೇ ಒಟ್ಟಿಗೆ ಬಿಟ್ಟಿದ್ದೀರಿ, ಹಾಗಾಗಿ ಅದೇ ಇರಬೇಕು ಅನ್ನಿಸುತ್ತೆ ನನಗೆ.

ಮರಿಗಳಿಗೇ ಅಂತ ಬೇರೆ ಗಳ ಹಾಕಿ, ಹೇಂಟೆಗಳ ಗಳದಿಂದ ದೂರಕ್ಕೆ, ಎದುರು ಗೋಡೆಯ ಕಡೆ. ನೆಲದಿಂದ ಒಂದಡಿ ಎತ್ತರ ಸಾಕು. ಗಿರಿರಾಜ ಮೈ ಭಾರದ ಕೋಳಿ, ನಾಟಿಯ ಹಾಗೆ ಹಾರುವುದಿಲ್ಲ. ದೊಡ್ಡದಾದ ಮೇಲೂ ಎರಡಡಿಗಿಂತ ಎತ್ತರ ಬೇಡ. ಎತ್ತರದಿಂದ ಗಟ್ಟಿ ನೆಲಕ್ಕೆ ದಿನಾ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತೆ, ನಡುವೆ ಕಪ್ಪು ಹೆಕ್ಕಳೆ ಕಟ್ಟುತ್ತೆ. ಕೆಳಗೆ ಭತ್ತದ ಹೊಟ್ಟು ದಪ್ಪಗೆ ಹರಡಿ. ಅಡಿಕೆ ದಬ್ಬೆಯನ್ನು ಓರೆಯಾಗಿ ಆನಿಸಿ, ಅಡ್ಡಪಟ್ಟಿ ಹೊಡೆದರೆ ಏಣಿಯಾಯಿತು.

ಗಳ ಎರಡು ಇಂಚು ಅಗಲ ಇರಲಿ, ಅಂಚು ಉಜ್ಜಿ ನಯ ಮಾಡಿ. ಪ್ಲಾಸ್ಟಿಕ್ ಪೈಪ್ ಬೇಡ, ಜಾರುತ್ತೆ. ಒಂದು ಕೋಳಿಗೆ ಸುಮಾರು ಎಂಟು ಇಂಚು ಜಾಗ ಬೇಕು. ಅಂದರೆ ನಿಮ್ಮ 15ಕ್ಕೂ ಸೇರಿ ಹತ್ತು ಅಡಿ. ಅಷ್ಟು ಇದೆಯಾ ಅಳೆದು ನೋಡಿ. ಜಾಗ ಕಡಿಮೆಯಾದರೆ ನೆಲಕ್ಕೆ ಬೀಳುವುದು ಯಾವಾಗಲೂ ಚಿಕ್ಕವೇ.

ಇನ್ನು ಕೂರಿಸುವ ವಿಷಯ. ನೀವು ಬೆಳಕಿರುವಾಗಲೇ ಕೂರಿಸುತ್ತಿದ್ದೀರಿ ಅಂತ ಕಾಣುತ್ತೆ, ಅದಕ್ಕೇ ಧುಮುಕುತ್ತವೆ. ಪೂರ್ತಿ ಕತ್ತಲಾಗಲಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂರಿಸಿದ ಜಾಗದಲ್ಲೇ ಇರುತ್ತೆ. ಒಂದೊಂದನ್ನೇ ಎದೆಯಡಿ ಕೈ ಹಾಕಿ ಎತ್ತಿ, ಪಾದ ಗಳಕ್ಕೆ ತಾಗಿಸಿ. ಬೆರಳು ಮುಚ್ಚಿ ಹಿಡಿದುಕೊಳ್ಳುವವರೆಗೆ ಬೆನ್ನ ಮೇಲೆ ಕೈ ಇರಲಿ. ಒಂದರ ಮೈಗೆ ಒಂದು ತಾಗುವ ಹಾಗೆ ಕೂರಿಸಿ, ಅದರಿಂದ ಧೈರ್ಯ ಬರುತ್ತೆ. ಮಾತು, ಟಾರ್ಚ್ ಆದಷ್ಟು ಕಡಿಮೆ. ದಿನಾ ತಪ್ಪದೆ ಮಾಡಿ. ಕೆಲವು ಮೂರು ನಾಲ್ಕು ದಿನಕ್ಕೇ ಕಲಿಯುತ್ತವೆ, ಕೆಲವಕ್ಕೆ ಎರಡು ಮೂರು ವಾರ ಹಿಡಿಯುತ್ತೆ. ಒಂದೆರಡು ಕಲಿತರೆ ಉಳಿದವು ನೋಡಿ ಹತ್ತುತ್ತವೆ.

ಗೂಡಿನಲ್ಲಿ ಬಲ್ಬ್ ಇದ್ದರೆ ರಾತ್ರಿ ಥಟ್ ಅಂತ ಆರಿಸಬೇಡಿ. ಸಂಜೆಯ ಬೆಳಕು ನಿಧಾನಕ್ಕೆ ಇಳಿಯುವುದನ್ನು ನೋಡಿಯೇ ಕೋಳಿ ಗಳ ಹುಡುಕುವುದು. ದಿಢೀರ್ ಕತ್ತಲಾದರೆ ಎಲ್ಲಿದ್ದವೋ ಅಲ್ಲೇ ಕೂತುಬಿಡುತ್ತವೆ.

ಮೊಟ್ಟೆ ಬುಟ್ಟಿಗಳನ್ನು ಸಂಜೆ ಬೋರಲು ಹಾಕಿ, ಬೆಳಿಗ್ಗೆ ಬೇಗ ಸರಿ ಮಾಡಿ. ಈಗ ಅಲ್ಲಿ ಮಲಗಿ ಅಭ್ಯಾಸವಾದರೆ ನಾಳೆ ಮೊಟ್ಟೆಯೆಲ್ಲ ಹಿಕ್ಕೆಯಲ್ಲೇ ಸಿಗುತ್ತೆ. ಮೂಲೆಗೆ ಒಂದು ಹಲಗೆ ಅಡ್ಡ ಇಟ್ಟು ದುಂಡಗೆ ಮಾಡಿ. ಇದನ್ನು ಇವತ್ತೇ ಮಾಡಿ ಅಕ್ಕ. ರಾಶಿ ಬಿದ್ದರೆ ಅಡಿಯಲ್ಲಿರುವ ಮರಿ ಉಸಿರುಗಟ್ಟಿ ಸಾಯಬಹುದು.

ಮಂಡ್ಯ ಕಡೆಯಿಂದ:

ಮೇಲಿನವರು ಹೇಳಿದ್ದಕ್ಕೆ ಕುಕ್ಕಾಟದ ವಿಷಯ ಸೇರಿಸುತ್ತೇನೆ. ಗುಂಪಿಗೆ ಹೊಸಬರು ಬಂದರೆ ಮೇಲು ಕೀಳು ಮತ್ತೆ ತೀರ್ಮಾನ ಆಗಲೇಬೇಕು. ಒಂದೆರಡು ಕುಕ್ಕು, ಸ್ವಲ್ಪ ಅಟ್ಟಾಟ ಸಹಜ. ರಕ್ತ ಬಂದರೆ ಮಾತ್ರ ಆ ಮರಿಯನ್ನು ತಕ್ಷಣ ಬೇರೆ ಮಾಡಿ. ಕೆಂಪು ಕಂಡರೆ ಉಳಿದವೂ ಅಲ್ಲಿಗೇ ಬಾಯಿ ಹಾಕುತ್ತವೆ, ಗಾಯ ಮಾಯುವವರೆಗೆ ಒಳಗೆ ಬಿಡಬೇಡಿ.

ಈಗಲೂ ತಡವಾಗಿಲ್ಲ, ಗೂಡಿನ ಮಧ್ಯೆ ತಂತಿ ಬಲೆ ಕಟ್ಟಿ. ಒಂದೆರಡು ವಾರ ಒಬ್ಬರನ್ನೊಬ್ಬರು ನೋಡಲಿ, ಮುಟ್ಟುವುದು ಬೇಡ. ಆಮೇಲೆ 11 ಮರಿಗಳನ್ನೂ ಒಟ್ಟಿಗೇ ಬಿಡಿ. ಒಂದೊಂದೇ ಬಿಟ್ಟರೆ ಎಲ್ಲರ ಸಿಟ್ಟೂ ಆ ಒಂದರ ಮೇಲೆ. ಅಟ್ಟಾಡಿಸುವ ಆ ಹೇಂಟೆಯನ್ನು ಮೂರು ನಾಲ್ಕು ದಿನ ಮಂಕರಿ ಕೆಳಗೆ ದೂರ ಇಡಿ. ನೀರು, ಕಾಳು, ನೆರಳು ಅಲ್ಲೇ ಸಿಗಲಿ. ವಾಪಸ್ ಬರುವಾಗ ಅದೇ ಹೊಸಬಳಾಗಿರುತ್ತೆ, ಜೋರು ಇಳಿದಿರುತ್ತೆ. ಮರಿಗಳನ್ನು ತೆಗೆಯುವುದಕ್ಕಿಂತ ಇದು ಒಳ್ಳೇದು.

ಕಾಳು, ನೀರು ಎರಡು ಮೂರು ಕಡೆ ಇಡಿ. ಒಂದು ಕಡೆಯಿಂದ ಇನ್ನೊಂದು ಕಾಣದಿದ್ದರೆ ಇನ್ನೂ ವಾಸಿ. ಗೋಡೆಗೆ ಹಲಗೆ ಆನಿಸಿಡಿ, ಹಿಂದೆ ಅಡಗಲು ಜಾಗ ಆಗುತ್ತೆ. ಹಾಗೇ, ಮೊಟ್ಟೆ ಕೋಳಿಯ ಫೀಡನ್ನು ಮರಿಗಳು ತಿನ್ನದ ಹಾಗೆ ನೋಡಿಕೊಳ್ಳಿ. ಅದರಲ್ಲಿ ಸುಣ್ಣದಂಶ ಜಾಸ್ತಿ, ಮೂತ್ರಪಿಂಡ ಹಾಳಾಗುತ್ತೆ. ಎಲ್ಲಕ್ಕೂ ಬೆಳೆಯುವ ಮರಿಯ ಫೀಡನ್ನೇ ಹಾಕಿ, ಹೇಂಟೆಗಳಿಗೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಟ್ಟರೆ ಆಯಿತು.

ಮುಂದೆ ಸಂತೆಯಿಂದ ಕೋಳಿ ತಂದರೆ ಒಂದು ತಿಂಗಳು ದೂರದಲ್ಲಿ ಬೇರೆ ಕಟ್ಟಿ. ನೋಡಲು ಚೆನ್ನಾಗೇ ಇರುತ್ತವೆ, ಕೊಕ್ಕರೆ ರೋಗ (ರಾಣಿಖೇತ್) ಹೊತ್ತು ತಂದರೆ ಗೂಡೇ ಖಾಲಿ. ನಿಮ್ಮ ಮರಿಗಳಿಗೆ ಎಂಟು ವಾರದ ಹೊತ್ತಿಗೆ ಕೊಡಿಸುವ ಕೊಕ್ಕರೆ ರೋಗದ ಚುಚ್ಚುಮದ್ದು ಆಗಿದೆಯಾ? ಇಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ.

ಶಿರಸಿ ಕಡೆಯಿಂದ:

ನಮ್ಮದೂ ನಿಮ್ಮ ಹಾಗೇ ಕಾಡಂಚು. ಗೂಡಿನಲ್ಲಿ ದೊಡ್ಡವು ಬಿಡದಿದ್ದರೆ ಮರಿಗಳು ಹಲಸಿನ ಮರ, ದನದ ಕೊಟ್ಟಿಗೆ ಮಾಡು ಹತ್ತಲು ಶುರು ಮಾಡುತ್ತವೆ. ಪಾಪ ಅಂತ ಬಿಡಬೇಡಿ, ಕಾಡುಬೆಕ್ಕು, ಪುನುಗು ಎರಡೂ ಮರ ಹತ್ತುತ್ತವೆ. ಹೊಸ ಗೂಡಿಗೆ ಬಂದವನ್ನು ಮೊದಲ ವಾರ ಹೊರಗೆ ಬಿಡದೆ ಇಟ್ಟರೆ ಇದೇ ಮನೆ ಅಂತ ಗೊತ್ತಾಗಿ ಸಂಜೆ ವಾಪಸ್ ಬರುತ್ತವೆ.

ಇನ್ನೊಂದು. ಚೆನ್ನಾಗಿ ಹತ್ತುತ್ತಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಗಳ ಬಿಟ್ಟರೆ ಜಗಳ ಅಂತ ತಿಳಿಯಬೇಡಿ. ರಾತ್ರಿ ಬಿಳಿ ಬಟ್ಟೆಯಿಂದ ಗಳದ ಅಡಿಭಾಗ, ಬಿರುಕು ಒರೆಸಿ. ಕೆಂಪು ಗೆರೆ ಬಿದ್ದರೆ ರಕ್ತ ಹೀರುವ ಕೆಂಪು ನುಸಿ ಸೇರಿದೆ. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಕಚ್ಚುತ್ತೆ. ಸಿಪ್ಪೆ ಇರುವ ಗಳದಲ್ಲಿ ಜಾಸ್ತಿ. ಗಳ ತೆಗೆದು ಕುದಿಯುವ ನೀರು ಹುಯ್ದು, ಬಿಸಿಲಿಗೆ ಒಣಗಿಸಿ.

ಹಗಲಲ್ಲೇ ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿ ತೂಕಡಿಸುತ್ತಾ ನಿಂತ ಮರಿಯನ್ನು ಗಳ ಹತ್ತಿಸಲು ಹೋಗಬೇಡಿ. ಹಿಕ್ಕೆ ನೋಡಿ. ರಕ್ತ ಇದ್ದರೆ ರಕ್ತಭೇದಿ ಇರಬಹುದು. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾದರೆ ಬೇಗ ಹರಡುತ್ತೆ. ಅವತ್ತೇ ಡಾಕ್ಟರಿಗೆ ತೋರಿಸಿ, ಒದ್ದೆ ಹೊಟ್ಟು ತೆಗೆದು ಹೊಸದು ಹಾಕಿ.