ಸಹಾಯ ಬೇಕು: ತಾಯಿಯವರ ಮೂತ್ರಪಿಂಡ, ಬಿಪಿ ಮತ್ತು ತೂಕದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿರುವ ನನ್ನ ತಾಯಿಯವರಿಗೆ 68 ವರ್ಷ, ತೂಕ 84 ಕಿಲೋ. ಬಹುಕಾಲದಿಂದ ಬಿಪಿ ಇದೆ, ಸಕ್ಕರೆ ಕಾಯಿಲೆ ಇಲ್ಲ. ಮೂರು ತಿಂಗಳ ಅಂತರದಲ್ಲಿ ಮಾಡಿಸಿದ ಎರಡೂ ಪರೀಕ್ಷೆಗಳಲ್ಲಿ ಇಜಿಎಫ್‌ಆರ್ (ಮೂತ್ರಪಿಂಡದ ಸೋಸುವ ಶಕ್ತಿಯ ಅಳತೆ) 60ಕ್ಕಿಂತ ಕೆಳಗಿದ್ದು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕೂಡ ಕಂಡುಬಂದಿದೆ.

ವಯಸ್ಸಾದಂತೆ ಮೂತ್ರಪಿಂಡದ ಸೋಸುವ ಶಕ್ತಿ ಸಹಜವಾಗಿಯೇ ಕುಗ್ಗುತ್ತದೆ. ಆದರೆ ಬೊಜ್ಜಿದ್ದಾಗ ಉಳಿದ ನೆಫ್ರಾನ್‌ಗಳು (ಮೂತ್ರಪಿಂಡದಲ್ಲಿ ಸೋಸುವ ಸೂಕ್ಷ್ಮ ಘಟಕಗಳು) ಹೆಚ್ಚು ರಕ್ತವನ್ನು ಸೋಸಬೇಕಾಗಿ ಒಳಗಿನ ಒತ್ತಡ ಏರುತ್ತದೆ, ಅದರ ಮೇಲೆ ಬಿಪಿಯೂ ಹತೋಟಿ ತಪ್ಪಿದರೆ ಸೂಕ್ಷ್ಮ ರಕ್ತನಾಳಗಳು ಗಡುಸಾಗಿ, ಸೋಸುವ ಪೊರೆಗೆ ಗಾಯವಾಗಿ ಅಲ್ಬುಮಿನ್ ಸೋರತೊಡಗುತ್ತದೆ ಎಂದು ವೈದ್ಯರು ವಿವರಿಸಿದರು. ಹಾನಿಗೊಂಡ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಂಡು ಬಿಪಿಯನ್ನು ಇನ್ನಷ್ಟು ಏರಿಸುತ್ತದೆಂಬುದು ನನ್ನನ್ನು ತೀವ್ರವಾಗಿ ಕಳವಳಗೊಳಿಸಿದೆ.

ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ಆರಂಭಿಸಿದ್ದಾರೆ. ಮಂಡಿನೋವಿನಿಂದ ಅಮ್ಮನಿಗೆ ಹೆಚ್ಚು ನಡೆಯಲಾಗುವುದಿಲ್ಲ. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ ಅವನ್ನು ನಿಲ್ಲಿಸಿದ್ದೇವೆ. ಸೋಡಿಯಂ ಕಡಿಮೆಯಿರುವ ಉಪ್ಪನ್ನು ಕೆಲವರು ಸೂಚಿಸಿದರು, ಆದರೆ ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ, ಟೆಲ್ಮಿಸಾರ್ಟಾನ್ ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಬಹುದೆಂದು ವೈದ್ಯರು ಬೇಡವೆಂದಿದ್ದಾರೆ.

ಅಕ್ಕಿರೊಟ್ಟಿ, ಕಡುಬು, ಗಂಜಿಯಂತಹ ನಮ್ಮ ಮಲೆನಾಡಿನ ಊಟವನ್ನೇ ಆಧರಿಸಿ, ಸ್ನಾಯುಗಳು ಸೊರಗದಂತೆ ತೂಕ ಇಳಿಸುವ ಆಹಾರಕ್ರಮವನ್ನು ಕನ್ನಡದಲ್ಲಿ ಬರೆದುಕೊಡುವ, ಮೂತ್ರಪಿಂಡ ರೋಗಿಗಳನ್ನು ನೋಡಿ ಅನುಭವವಿರುವ ಆಹಾರತಜ್ಞರು ಶಿವಮೊಗ್ಗದಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಕುಳಿತೇ ಮಾಡಬಹುದಾದ ವ್ಯಾಯಾಮವನ್ನು ಮನೆಗೆ ಬಂದು ಕಲಿಸುವ ಫಿಸಿಯೋಥೆರಪಿಸ್ಟ್ ಕೂಡ ಬೇಕಾಗಿದ್ದಾರೆ. ಕಷಾಯ, ನಾಟಿ ಔಷಧಿಗಳನ್ನು ಸದ್ಯ ಕೊಡುವುದಿಲ್ಲವೆಂದು ನಿರ್ಧರಿಸಿರುವುದರಿಂದ ಅವುಗಳನ್ನು ಸೂಚಿಸಬೇಡಿರೆಂದು ವಿನಂತಿ.